ಅಪ್ಪನ ಎಡೆಗೆ ಯಾವ ಬಾಟಲಿ

ನನಗೆ ಕುಡಿಯುವುದಕ್ಕಿಂತ ಮೂಸುವುದರಲ್ಲೇ ಹೆಚ್ಚು ಸುಖ. ಹೀಗೆಂದರೆ ಯಾರೂ ನಂಬುವುದಿಲ್ಲ. ಎಲ್ಲ ಕುಡುಕರೂ ಹೇಳುವ ಮಾತೇ ಇದು ಎಂದು ಹೆಂಡತಿ ನಗುತ್ತಾಳೆ. ಆದರೂ ನಿಜ. ಹತ್ತು ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿ ಕೂತು ಎದ್ದು ಬಂದ ರಮ್ಮನ್ನು ಒಂದು ಬೆರಳಿನಷ್ಟು ಬಗ್ಗಿಸಿಕೊಂಡು, ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು, ಆಗಾಗ ಮೂಗಿನ ಹತ್ತಿರ ತರುತ್ತ ಕೂತರೆ ನನ್ನ ಭಾನುವಾರದ ಮಧ್ಯಾಹ್ನ ಕಳೆದೇ ಹೋಗುತ್ತದೆ. ಅಂಥದ್ದಕ್ಕೆ ಐಸು ಹಾಕಿ ಕೋಲಾ ಸುರಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಬೀಗರ ಊಟಗಳಲ್ಲಿ ಅಂಥವರ ಪಕ್ಕ ಜಾಗ ಸಿಕ್ಕರೆ ಎದ್ದು ಬೇರೆ ಕುರ್ಚಿ ನೋಡಿಕೊಳ್ಳುತ್ತೇನೆ.

ತುಮಕೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡಿಕೊಂಡಿದ್ದ ನನಗೆ ಈ ಹುಚ್ಚು ಹಿಡಿಸಿದವನು ಗುಬ್ಬಿಯ ಗೆಳೆಯ. ತಮಾಷೆ ಎಂದರೆ ಅವನು ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಠದ ಜೊತೆ ತಲೆಮಾರಿನ ನಂಟಿರುವ ಮನೆತನ. ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಗಿಟ್ಟರೆ ಸಾಕು, ಕೊಬ್ಬರಿ ಅಟ್ಟದ ಮೇಲೆ ನೆಟ್ಟಗೆ ಒಣಗಿದ್ದೋ ಎಲ್ಲೋ ಮಳೆಗೆ ಸಿಕ್ಕಿ ಮುಗ್ಗಿದ್ದೋ ಹೇಳಿಬಿಡುತ್ತಾನೆ. ಒಂದು ದೀಪಾವಳಿಗೆ ಉತ್ತರದ ಕಡೆಯ ಖರೀದಿದಾರನೊಬ್ಬ ಅವನಿಗೆ ಹಳೆಯ ಬ್ರಾಂದಿಯ ಬಾಟಲಿ ಉಡುಗೊರೆ ಕೊಟ್ಟಿದ್ದ. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಎಸೆಯಲು ವ್ಯಾಪಾರಿಯ ಕೈ ಬಾರದು. ಪೇಪರಿನಲ್ಲಿ ಸುತ್ತಿ ನಮ್ಮನೆಗೆ ತಂದ. ನಾನು ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸಿದೆನೋ ಇಲ್ಲವೋ, ಆ ಕಡೆ ಸೋಫಾದಲ್ಲಿದ್ದವನು ಮೂಗರಳಿಸಿಕೊಂಡು ಎದ್ದು ಬಂದ.

"ಲೇ, ಇಲ್ ಕೊಡ್ಲಾ ಅದ್ನ."

"ನೀನು ಮುಟ್ಟಲ್ವಲ್ಲೋ?"

"ಮೂಸಿದ್ರೆ ಪಾಪ ಬರಲ್ಲ ಕಣೋ. ಕೊಡು."

ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಂತಿದ್ದ. ಆಮೇಲೆ, "ಅಟ್ಟದ ಮೇಲಿನ ಹಳೇ ತೊಲೆ. ಅದ್ರ ಕೆಳಗೆ ಬೆಲ್ಲ. ಪಾಕ ಒಂಚೂರು ಸೀದಿರೋ ಬೆಲ್ಲ" ಅಂದ. ನಾನೂ ಮೂಸಿದೆ. ಅಟ್ಟವೂ ಇತ್ತು, ಬೆಲ್ಲವೂ ಇತ್ತು. ಬಾಟಲಿಯ ಚೀಟಿಯ ಮೇಲೆ ಮಾತ್ರ ನಾವ್ಯಾರೂ ತಿನ್ನದ ಹಣ್ಣುಗಳ ಹೆಸರುಗಳನ್ನೇ ಅಚ್ಚು ಹಾಕಿಸಿದ್ದರು. ಅವತ್ತೇ ನಾವಿಬ್ಬರೂ ಆ ಚೀಟಿಗಳನ್ನು ಓದುವುದು ಬಿಟ್ಟೆವು.

ಅಲ್ಲಿಂದ ಶುರುವಾಯಿತು ನೋಡಿ. ತಿಂಗಳಿಗೊಂದು ಭಾನುವಾರ ಅವನು ಗುಬ್ಬಿಯಿಂದ ಬರುತ್ತಾನೆ. ಅವನು ಮೂಸುತ್ತಾನೆ, ನಾನು ಗುಟುಕರಿಸುತ್ತೇನೆ. ಹೆಂಡತಿಗೆ ಪೋರ್ಟ್ ವೈನ್ ಇಷ್ಟ. ದ್ರಾಕ್ಷಿರಸ ಹುಳಿಯುತ್ತಿರುವಾಗಲೇ ಬ್ರಾಂದಿ ಸುರಿದು ಹುಳಿಯುವುದನ್ನು ತಡೆದುಬಿಡುತ್ತಾರೆ, ಅದಕ್ಕೇ ಸಿಹಿಯೂ ಉಳಿಯುತ್ತದೆ, ಬಿರುಸೂ ಇರುತ್ತದೆ ಎಂದು ನಾನು ವಿವರಿಸಲು ಹೊರಟರೆ, "ಪಾಠ ಬೇಡ, ಬಗ್ಸಿ" ಅನ್ನುತ್ತಾಳೆ. ಕೊಬ್ಬರಿ ಮಿಠಾಯಿ ಕಚ್ಚಿಕೊಂಡು ಅದನ್ನು ಕುಡಿಯಬೇಕು ಎನ್ನುವುದು ಅವಳದೇ ಸಂಶೋಧನೆ. ನಾನು ಮೊದಲು ಮೂಗು ಮುರಿದೆ. ಈಗ ಮಿಠಾಯಿ ಖಾಲಿಯಾಗುವುದು ನನ್ನಿಂದಲೇ.

ನಮ್ಮ ಜೊತೆಗೇ ಇರುವ ಅವ್ವ ನಡುಮನೆಯ ಮೂಲೆಯಲ್ಲಿ ಅವರೇಕಾಯಿ ಸುಲಿಯುತ್ತ ಇದನ್ನೆಲ್ಲ ನೋಡುತ್ತಿರುತ್ತಾಳೆ. ಒಮ್ಮೆ ಗೆಳೆಯ ಎಲ್ಲೋ ಓದಿದ್ದನ್ನು ಹೇಳುತ್ತಿದ್ದ. ಪೀಪಾಯಿಯಲ್ಲಿ ಕೂತಷ್ಟು ವರ್ಷವೂ ಒಂದಿಷ್ಟು ಆವಿಯಾಗಿ ಹೋಗುತ್ತದಂತೆ, ನಮ್ಮಂಥ ಬಿಸಿಲುಸೀಮೆಯಲ್ಲಿ ಇನ್ನೂ ಜಾಸ್ತಿಯಂತೆ, ಅದನ್ನು ದೇವತೆಗಳ ಪಾಲು ಎನ್ನುತ್ತಾರಂತೆ. ಅವ್ವ ತಲೆ ಎತ್ತದೆ, "ದೇವತೆಗಳ್ಗ್ಯಾಕಪ್ಪ ರಮ್ಮು? ನಮ್ ಯಜಮಾನ್ರಂಥೋರು ಬೇಕಾದಷ್ಟ್ ಜನ ಅವ್ರೆ ಅಲ್ಲಿ" ಅಂದಳು. ಗೆಳೆಯನ ಕೈಯಲ್ಲಿದ್ದ ಲೋಟ ನಗುವಿನಲ್ಲಿ ತುಳುಕಿತು. ಒಳ್ಳೆಯ ರಮ್ಮು, ನೆಲದ ಪಾಲಾಯಿತು.

ಆ ಯಜಮಾನರು, ಅಂದರೆ ನಮ್ಮಪ್ಪ, ತೀರಿಕೊಂಡು ಕೆಲವು ವರ್ಷಗಳಾದವು. ಕೊತ್ತಗೆರೆಯಲ್ಲಿ ತೆಂಗು, ರಾಗಿ ಮಾಡಿಕೊಂಡಿದ್ದವರು. ಸಂಜೆ ಕೈಕಾಲು ತೊಳೆದು, ಸಣ್ಣ ಚೊಂಬು ಹಿಡಿದು ಕೊಟ್ಟಿಗೆಯ ಹಿಂದೆ ಹೋಗಿ, ಸ್ವಲ್ಪ ಹೊತ್ತಿಗೆ ಎಲೆಅಡಿಕೆ ಅಗಿಯುತ್ತ ಬರುತ್ತಿದ್ದರು. ಅಲ್ಲಿ ಏನು ನಡೆಯಿತೆಂದು ಮನೆಮಂದಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಅಪ್ಪನ ಎದುರು ಮಗ ಕುಡಿಯುವುದಿಲ್ಲ, ಮಗನ ಎದುರು ಅಪ್ಪನೂ ಕುಡಿಯುವುದಿಲ್ಲ. ಅದು ಮರ್ಯಾದೆ. ಹಾಗಾಗಿ ಒಂದು ದಿನವೂ ನಾವಿಬ್ಬರು ಒಟ್ಟಿಗೆ ಕೂರಲಿಲ್ಲ. ಅದರ ಬೇಜಾರು ನನಗೆ ಈಗಲೂ ಇದೆ.

ಅದಕ್ಕಿಂತ ನನ್ನನ್ನು ಕಾಡುತ್ತಿದ್ದದ್ದು ಅಪ್ಪ ಕುಡಿಯುತ್ತಿದ್ದ ಸರಕು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ಒಂದು ದಿನವೂ ಮರದ ಮುಖ ಕಂಡದ್ದಲ್ಲ. ಅಗ್ಗದ ವೋಡ್ಕಾ. ನೀರಿಗೆ ಸಿಟ್ಟು ಬಂದರೆ ಹೇಗಿರುತ್ತದೋ ಹಾಗೆ. ನೆಲದಡಿಯ ಹಗೇವಿನ ಬಾಯಿ ತೆಗೆದಾಗ ಏಳುವ ವಾಸನೆಯಲ್ಲೇ ಒಳಗಿನ ರಾಗಿ ಹೇಗಿದೆ ಎಂದು ಹೇಳುತ್ತಿದ್ದ ಮನುಷ್ಯ, ಮೂಗಿಗೆ ಏನೂ ದಕ್ಕದ ಇದನ್ನು ಜೀವಮಾನವಿಡೀ ಹೇಗೆ ಕುಡಿದರು? ಗೆಳೆಯನಿಗೂ ಇದು ಬಿಡಿಸಲಾಗದ ಒಗಟಾಗಿತ್ತು.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೋದ ಮುಂದೆ ಬಾಳೆಲೆ ಹಾಸಿ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಹೊಸ ಪಂಚೆ, ಎಲೆಅಡಿಕೆ, ಜೊತೆಗೆ ಹೋದವರು ಬದುಕಿದ್ದಾಗ ಏನು ಕುಡಿಯುತ್ತಿದ್ದರೋ ಅದು. ಧೂಪ ಹಾಕಿ, ಬಂದು ಉಣ್ಣಿರೆಂದು ಕರೆದು, ಕೋಣೆಯ ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕಾಯಬೇಕು. ಪ್ರತಿ ವರ್ಷ ಅವ್ವ ಅದೇ ವೋಡ್ಕಾ ತರಿಸುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು ತರುತ್ತಿದ್ದೆ.

ಕಳೆದ ಸಲ ಆ ಬ್ರಾಂಡೇ ಸಿಗಲಿಲ್ಲ. ತುಮಕೂರಿನ ಅಂಗಡಿಗಳಲ್ಲಿ ಇಲ್ಲ, ಗೆಳೆಯನನ್ನು ಕೇಳಿದರೆ ಅವನು ಗುಬ್ಬಿಯಲ್ಲಿ ಬಾರಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಅವನ ಬದಲು ಅವನ ಡ್ರೈವರ್ ಹುಡುಕಿ ಇಲ್ಲವೆಂದ. ಒಳಗೊಳಗೇ ನನಗೆ ಖುಷಿ. ನನ್ನ ಬೀರುವಿನಲ್ಲಿದ್ದ ಹನ್ನೆರಡು ವರ್ಷದ ರಮ್ಮನ್ನು ಅವ್ವನ ಮುಂದೆ ಇಟ್ಟೆ.

"ಈ ಸಲ ಅಪ್ಪಂಗೆ ಇದನ್ನ ಇಡಣ ಕಣವ್ವ. ನಂ ಮನೇಲಿರೋದ್ರಲ್ಲಿ ಇದಕ್ಕಿಂತ ಒಳ್ಳೇದಿಲ್ಲ."

ಅವ್ವ ಬಾಟಲಿಯನ್ನು ಮುಟ್ಟಲೂ ಇಲ್ಲ. "ಅವ್ರು ಕಾಣದೇ ಇರೋದ್ನ ಇಟ್ರೆ ಮುಟ್ದಂಗೆ ಹೋಯ್ತಾರೆ. ವರ್ಷಕ್ ಒಂದ್ಸಲ ಬರೋರು ಕಣ್ಲಾ. ಬರೀ ಗಂಟ್ಲಲ್ಲಿ ಕಳಿಸ್ಲಾ?"

"ಮಟನ್ನಿರ್ತೈತಲ್ಲವ್ವ."

"ಬುಡು. ನಿಂಗೆ ಎಲ್ಲಾ ತಮಾಷೆ."

ತಿರುಗಿ ನೋಡಿದರೆ ಅವ್ವನ ಕಣ್ಣಲ್ಲಿ ನೀರು. ಅಪ್ಪ ಬಂದು, ತನ್ನದು ಇಲ್ಲವೆಂದು ನೋಡಿ, ಹಾಗೇ ಹೊರಟುಬಿಡುತ್ತಾರೆ ಎನ್ನುವ ಭಯ ಅವಳಿಗೆ ನಿಜವಾಗಿಯೂ ಇತ್ತು. ನಾನು ಇದನ್ನೆಲ್ಲ ನಂಬುತ್ತೇನೋ ಇಲ್ಲವೋ ಅನ್ನುವುದು ಬೇರೆ ಮಾತು, ಅವ್ವನ ಕಣ್ಣೀರನ್ನು ನಂಬದೆ ಇರಲಾಗಲಿಲ್ಲ. ಗೊಣಗಿಕೊಂಡೇ ಗಾಡಿ ತೆಗೆದೆ. ಉಳಿದದ್ದು ಕುಣಿಗಲ್, ಅಪ್ಪ ಯಾವಾಗಲೂ ಕೊಳ್ಳುತ್ತಿದ್ದ ಅಂಗಡಿ.

ಗಲ್ಲಾದಲ್ಲಿ ವಯಸ್ಸಾದ ಮಾಲೀಕರೇ ಕೂತಿದ್ದರು. ವೋಡ್ಕಾದ ಹೆಸರು ಹೇಳಿದೆ.

"ಆ ಸರಕು ಬರೋದೇ ನಿಂತೋಯ್ತು ಸಾರ್. ಅದ್ಯಾಕೆ ನಿಮ್ಗೆ?"

"ನಮ್ಮಪ್ಪಂಗೆ. ಎಡೆಗೆ ಇಡಬೇಕು. ಕೊತ್ತಗೆರೆಯೋರು. ಇಲ್ಲೇ ತಗೋತಿದ್ರು."

ಅವರು ನನ್ನ ಮುಖವನ್ನೇ ನೋಡಿದರು. "ಬಿಳೀ ಟವಲ್ಲು, ಸೈಕಲ್ಲು?" ನಾನು ಹೂಂ ಅಂದೆ. "ಅಯ್ಯೋ, ಗೌಡ್ರ ಮಗನಾ ನೀವು! ಅವ್ರಿಗೆಲ್ಲಿ ಸೇರ್ತಿತ್ತು ಸಾರ್ ಅದು? ಇಲ್ ನಿಂತಿರೋರ ರಮ್ಮಿನ ಲೋಟನ ಮೂಗಿನ್ ಹತ್ರ ತಗಂಡು, 'ಆಹಾ, ಆಲೆಮನೆ ಹೊಕ್ಕಂಗೈತೆ ಕಣಪ್ಪ' ಅಂದು ವಾಪಸ್ ಕೊಡೋರು. ತಗಳಿ ಗೌಡ್ರೆ ಅಂದ್ರೆ, 'ಬ್ಯಾಡಪ್ಪ, ಮನೇಲಿ ಆಯಮ್ಮಂಗೆ ವಾಸ್ನೆ ಆಗಲ್ಲ, ವಾಸ್ನೆ ಇಲ್ದಿರೋದೇ ಕೊಡು' ಅನ್ನೋರು."

ಅಂಗಡಿಯ ಮುಂದೆಯೇ ನಕ್ಕುಬಿಟ್ಟೆ. ನನಗೆ ಈ ಮೂಗು ಎಲ್ಲಿಂದ ಬಂತು ಎಂದು ಅವತ್ತು ತಿಳಿಯಿತು. ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಸುಮ್ಮನೆ ನೀರು ನೋಡುತ್ತ ನಿಂತೆ. ಅಪ್ಪ ಆಸೆಪಟ್ಟದ್ದನ್ನು ಪಕ್ಕದವರ ಲೋಟದಲ್ಲಿ ಮೂಸಿ, ತಮಗೆ ಬೇಡದ್ದನ್ನು ಕೊಂಡು ಮನೆಗೆ ತರುತ್ತಿದ್ದರು. ನಾವು ಅದನ್ನೇ ಅವರ ಇಷ್ಟವೆಂದು ತಿಳಿದು ಸತ್ತಮೇಲೂ ಬಿಡದೆ ಕುಡಿಸುತ್ತಿದ್ದೆವು!

ಮನೆಗೆ ಬಂದಾಗ ಅವ್ವ ಕಜ್ಜಾಯ ಬೇಯಿಸುತ್ತಿದ್ದಳು. ಬರಿಗೈ ನೋಡಿ ಅವಳ ಮುಖ ಸಣ್ಣದಾಯಿತು. ಹೇಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಎಲ್ಲವನ್ನೂ ಹೇಳಿದೆ. ಮೊದಲು ಅವ್ವ ನಕ್ಕಳು. "ವಾಸ್ನೆ ಬರಲ್ಲ ಅಂತ ಅಂದ್ಕಂಡಿದ್ರಾ ಅವ್ರು? ಲವಂಗ ಬೇರೆ ಅಗಿಯೋರು!" ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವಷ್ಟು ನಕ್ಕಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಜಾಲರಿ ಹಾಗೇ ನಿಂತಿತು.

"ಮದ್ವೆ ಆದ್ ಹೊಸದ್ರಲ್ಲಿ ಒಂದಿನ ರಮ್ಮು ಕುಡ್ದು ಬಂದಿದ್ರು ಕಣ್ಲಾ. ಆ ವಾಸ್ನೆ ಇನ್ನೊಂದ್ಸಲ ಬಂದ್ರೆ ತವರಿಗ್ ಹೊಂಟೋಯ್ತೀನಿ ಅಂದಿದ್ದೆ. ಸಿಟ್ಟಲ್ಲಿ ಅಂದಿದ್ದು. ನಾನ್ ಅದ್ನ ಆವತ್ತೇ ಮರ್ತೆ. ಅವ್ರು ಸಾಯೋಗಂಟ ನೆನಪಿಟ್ಕಂಡಿದ್ರಲ್ಲೋ."

ಎಣ್ಣೆಯಲ್ಲಿದ್ದ ಕಜ್ಜಾಯ ಕಪ್ಪಗಾಯಿತು. ಹೆಂಡತಿ ಬಂದು ಒಲೆ ಆರಿಸಿದಳು. ಅವ್ವ ಕೈ ತೊಳೆದುಕೊಂಡು, "ನಿನ್ನ ಬೀರೂಲಿ ಇರೋವೆಲ್ಲ ತಾ" ಅಂದಳು.

ಮೂರು ಬಾಟಲಿ ತಂದು ಜೋಡಿಸಿದೆ. ಇಷ್ಟು ವರ್ಷ ಮೂಲೆಯಲ್ಲಿ ಅವರೇಕಾಯಿ ಸುಲಿದುಕೊಂಡು ನಮ್ಮನ್ನು ಆಡಿಕೊಳ್ಳುತ್ತಿದ್ದವಳು ಒಂದೊಂದರ ಬಾಯಿಗೂ ಮೂಗಿಟ್ಟಳು. ಬ್ರಾಂದಿ ಬೇಡವೆಂದಳು. ಪೋರ್ಟಿಗೆ, "ಇದು ಹುಣಸೆ ತೊಕ್ಕು" ಅಂದಳು. ಹನ್ನೆರಡು ವರ್ಷದ ರಮ್ಮಿನ ಹತ್ತಿರ ತುಂಬಾ ಹೊತ್ತು ನಿಂತಳು. "ಇದೇ ಘಂ ಅಂತೈತೆ. ಇದ್ನೇ ಇಡು."

ಸಂಜೆ ಎಡೆ ಹಾಕಿದೆವು. ನಾನು ಅಭ್ಯಾಸಬಲದಿಂದ ಒಂದು ಬೆರಳಿನಷ್ಟು ಬಗ್ಗಿಸಿದೆ. ಅವ್ವ ಬಾಟಲಿ ಕಿತ್ತುಕೊಂಡು ಲೋಟದ ಕಂಠದವರೆಗೂ ಸುರಿದಳು.

"ಅವ್ವಾ, ಅಷ್ಟೊಂದಾ! ಅದರ ಬೆಲೆ..."

"ಮೂಸಕ್ಕಲ್ಲ ಕರ್ದಿರೋದು, ಕುಡಿಯಕ್ಕೆ. ಸುಮ್ಕಿರು."

ಧೂಪ ಹಾಕಿ, ಅಪ್ಪನನ್ನು ಕರೆದು, ಬಾಗಿಲು ಮುಚ್ಚಿ ಹೊರಗೆ ಬಂದೆವು. ಅವ್ವ ಬಾಗಿಲಿಗೆ ಆತು ಕೂತಳು. ಸ್ವಲ್ಪ ಹೊತ್ತಿಗೆ ಧೂಪದ ಹೊಗೆಯೊಳಗಿಂದ ರಮ್ಮಿನ ಪರಿಮಳ ಬಾಗಿಲ ಸಂದಿಯಲ್ಲಿ ಹೊರಗೆ ಬಂತು. ನನಗೆ ಗೊತ್ತಾಯಿತು, ಅವ್ವನಿಗೂ ಗೊತ್ತಾಯಿತು. ಸಾಕಷ್ಟು ಹೊತ್ತಾಯಿತು, ಬಾಗಿಲು ತೆಗೆಯೋಣವೇ ಎಂದು ಕೇಳಿದೆ. ಅವ್ವ ಕೈಯಲ್ಲೇ ತಡೆದು, ಬಾಗಿಲ ಕಡೆ ಮುಖ ತಿರುಗಿಸಿ, ಒಳಗಿದ್ದವರಿಗಷ್ಟೇ ಕೇಳಲೆಂಬಂತೆ ಮೆಲ್ಲಗೆ ಹೇಳಿದಳು:

"ವಾಸ್ನೆ ಬತ್ತೈತೆ. ಬರ್ಲಿ ಬುಡಿ. ನಾನೆಲ್ಲೂ ಹೋಗಲ್ಲ, ನಿಧಾನಕ್ಕೆ ಕುಡೀರಿ."