'ಹಾಡು' ಅಂತ ಹುಡುಕಿದರೆ ಸಿಗಲಿಲ್ಲ

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ವೈರಸ್ ತೆಗೆಯೋಕೆ ಅಂತ ಒಂದು ಸಾಫ್ಟ್‌ವೇರ್ ಹಾಕಿದೆ ಕಣ್ರಪ್ಪ. ಅದು ವೈರಸ್ ಜೊತೆಗೆ ಅವ್ವನ ಸೋಬಾನೆ ಪದಗಳನ್ನೂ ಗುಡಿಸಿ ಹಾಕಿತು. ಗಂಟಲು ಆಪರೇಷನ್ ಆದಮೇಲೆ ಅವ್ವ ಹಾಡಲ್ಲ. ಇದ್ದದ್ದು ತಂಗಿ ಹಿಂದೆ ಮಾಡಿಟ್ಟಿದ್ದ ಆ ರೆಕಾರ್ಡಿಂಗ್ ಮಾತ್ರ.

ಅಳಿಸಿಹೋದದ್ದನ್ನು ವಾಪಸ್ ತರೋ ಇನ್ನೊಂದು ಸಾಫ್ಟ್‌ವೇರ್ ಹಾಕಿ ಕೂತೆ. ಪರದೆ ಮೇಲೆ ಸಾವಿರಾರು ಫೈಲುಗಳ ಹೆಸರು, ನಾಲೆ ನೀರಲ್ಲಿ ಎಲೆ ತೇಲಿದಂಗೆ ತೇಲಿ ಹೋಗ್ತಿದ್ವು. 'ಹಾಡು' ಅಂತ ಹುಡುಕಿದೆ. ಇಲ್ಲ. 'ಅವ್ವನ ಹಾಡು' ಅಂತ ಹುಡುಕಿದೆ. ಅದೂ ಇಲ್ಲ.

ಪಕ್ಕದಲ್ಲಿ ಅವರೆಕಾಯಿ ಸುಲಿತಿದ್ದ ಅವ್ವ ಪಿಸುದನಿಯಲ್ಲಿ ಅಂದ್ಲು: "ಆಡು ಅಂತ ಒಡಿ ಕಣ್ಲಾ. ನಾನ್ ಯೋಳ್ದಂಗೇ ತಾನೆ ನಿನ್ ತಂಗಿ ಅದ್ಕೆ ಎಸ್ರು ಬರ್ದಿದ್ದು."

'ಆಡು' ಅಂತ ಹೊಡೆದೆ. ಹನ್ನೊಂದು ಪದವೂ ಸಾಲಾಗಿ ಎದ್ದು ಬಂದ್ವು.

ಮೊದಲನೇದು ಹಾಕಿದೆ. ಯಲಿಯೂರಿನ ನಮ್ಮ ಜಗಲಿ, ದೂರದಲ್ಲಿ ರೈಲು, ರೈಲು ದಾಟೋ ತನಕ ನಿಲ್ಲಿಸಿ ಮತ್ತೆ ಎತ್ತಿಕೊಂಡ ಅವ್ವನ ದನಿ. ಅವ್ವ ಕಣ್ಣು ಮುಚ್ಚಿ, ದನಿಯಿಲ್ಲದೆ ತುಟಿ ಆಡಿಸ್ತಿದ್ಲು. ಗುತ್ತಲಿನ ಬಾಡಿಗೆ ಮನೆಯಲ್ಲಿ ಕೂತಿದ್ದೀವಿ ಅನ್ನೋದು ಸ್ವಲ್ಪ ಹೊತ್ತು ನಂಗೂ ನೆನಪಿರಲಿಲ್ಲ.

ಅಂದಹಾಗೆ ನಾನು ಕನ್ನಡ ಮೇಷ್ಟ್ರು. ಹಕಾರ ಬಿಟ್ಟು ಬರೆಯೋ ಮಕ್ಕಳ ನೋಟ್ಸಿಗೆ ಇಪ್ಪತ್ತು ವರ್ಷದಿಂದ ಕೆಂಪು ಗೆರೆ ಎಳೀತಿದ್ದೀನಿ. ನಾಳೆ ಯಾರಾದ್ರೂ 'ಆಡು' ಅಂತ ಬರೆದು ತಂದರೆ, ನನ್ನ ಪೆನ್ನಲ್ಲಿ ಇಂಕು ಮುಗಿದಿರುತ್ತೆ.