ಅಕ್ಕ ಇಂಗ್ಲಿಷಿನಲ್ಲಿ ಬರೆದ ಪತ್ರ

ಕೆಂಪು ಶಾಯಿಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಮದ್ದೂರಿನ ನಮ್ಮ ಹೆಂಚಿನ ಮನೆಯ ಪಡಸಾಲೆ ಕಣ್ಮುಂದೆ ಬರುತ್ತದೆ. ಎಪ್ಪತ್ತರ ದಶಕದ ಮಾತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ಚಿಕ್ಕಪ್ಪ ಸಂಜೆ ಅಲ್ಲಿ ಚಾಪೆ ಹಾಸಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ನಮ್ಮಕ್ಕ ಜಯಳಿಗೆ ಪಾಠ ಹೇಳುತ್ತಿದ್ದರು. ‘ಗುಡ್’ ಎಂದು ಬರೆದರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಎಕ್ಸಲೆಂಟ್’ ಮಾಡುತ್ತಿದ್ದರು. ಎದುರಿನವರ ಮನಸ್ಸು ತಿರುಗಿಸಬೇಕಾದರೆ ಮೊದಲು ಅವರ ಮಾತನ್ನು ಒಪ್ಪಿಕೊಳ್ಳಬೇಕು, ಆಮೇಲೆ ಒಂದೊಂದೇ ಕಾರಣ ಕೊಡಬೇಕು, ಕೊನೆಗೊಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು ಎನ್ನುತ್ತಿದ್ದರು. ಅಕ್ಕ ದೊಡ್ಡ ದೊಡ್ಡ ಪದಗಳನ್ನು ಅಡುಗೆಮನೆಯ ಗೋಡೆಗೆ ಇದ್ದಿಲಲ್ಲಿ ಬರೆದುಕೊಂಡು, ಮುದ್ದೆ ತೊಳಸುತ್ತಲೇ ಬಾಯಿಪಾಠ ಮಾಡುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು, ತುಟಿಯಲ್ಲಿ ‘ಇಂಡಿಸ್ಪೆನ್ಸಬಲ್’.

ಪರೀಕ್ಷೆಗೆ ಎರಡು ತಿಂಗಳಿರುವಾಗ ಅಕ್ಕನಿಗೆ ಮಳವಳ್ಳಿ ಕಡೆಯ ಗಂಡು ಗೊತ್ತಾಯಿತು. ಅದೇ ವಾರ ಚಿಕ್ಕಪ್ಪ, ಯಾರನ್ನಾದರೂ ಒಪ್ಪಿಸುವಂಥ ಪತ್ರವೊಂದನ್ನು ಬರೆದು ತಾ ಎಂದಿದ್ದರು. ಅಕ್ಕ, ಓದು ಬಾರದ ಅಪ್ಪನಿಗೇ ಬರೆದಳು: ಮದುವೆ ಎರಡು ವರ್ಷ ಮುಂದಕ್ಕೆ ಹಾಕು, ನಾನು ಟೀಚರ್ ಆಗುತ್ತೇನೆ ಎಂದು.

“ಕನ್ನಡ್ದಾಗೇ ಯೋಳಕ್ಕ,” ಅಂದೆ. ಆಗ ನನಗೆ ಹತ್ತು ವರ್ಷ.

“ಕನ್ನಡ್ದಾಗ್ ಯೋಳುದ್ರೆ ಬಾಯ್ಮುಚ್ಚು ಅಂತಾನೆ ಕಣೆ. ಇಂಗ್ಲೀಸ್ನಾಗಾದ್ರೆ ಚಿಕ್ಕಪ್ಪ ಓದಿ ಯೋಳ್ತಾರೆ.”

ಚಿಕ್ಕಪ್ಪ ಓದಿದರು. ಮತ್ತೆ ಮೊದಲಿನಿಂದ ಓದಿದರು. ಗದ್ದೆಯಿಂದ ಬಂದು ಕೂತಿದ್ದ ಅಪ್ಪ, “ಏನ್ಲಾ ಬರ್ದವ್ಳೆ?” ಎಂದ. ಅಣ್ಣನೆದುರು ಎಂದೂ ದನಿಯೆತ್ತದ ಚಿಕ್ಕಪ್ಪ ಎರಡು ಸ್ಪೆಲ್ಲಿಂಗ್ ತಿದ್ದಿ, “ಪರೀಕ್ಸೆಗೆ ಕಣಣ್ಣ. ಚೆಂದಾಗಿ ಬರ್ದವ್ಳೆ,” ಅಂದರು. ಅಪ್ಪನ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಹೋಗಿ, ಗೋಡೆಯ ಮೇಲಿನ ಪದಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು.

ಅವಳು ಪರೀಕ್ಷೆಗೆ ಕೂರಲಿಲ್ಲ. ಮದುವೆಯಾದ ಮೂರನೆಯ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಗಂಡನ ಮನೆಯಿಂದ ಬಂದ ಅವಳ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಆ ಪತ್ರವಿತ್ತು. ಅಷ್ಟುಹೊತ್ತಿಗೆ ನನಗೂ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ಅಪ್ಪನ ಪಕ್ಕ ಕೂತು, ತಿಳಿಯದ ಪದ ಬಿಟ್ಟು, ತಡವರಿಸುತ್ತಾ ಕನ್ನಡದಲ್ಲಿ ಓದಿ ಹೇಳಿದೆ. ‘ನೀನು ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೀಯ, ಬಲ್ಲೆ’ ಎಂದು ಶುರುವಾಗಿ, ‘ನಾನು ಕೇಳಿದ್ದು ಹೆಚ್ಚಾಯಿತೇ ಅಪ್ಪ?’ ಎಂದು ಮುಗಿದಿತ್ತು.

ಅಪ್ಪ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡ. “ಇಂಗ್ ಕೇಳಿದ್ರೆ ನಾನ್ ಬ್ಯಾಡ ಅಂತಿದ್ನಾ, ಮಗಾ?” ಅಂದ. ಜಗಲಿಯ ಮೇಲಿದ್ದ ಚಿಕ್ಕಪ್ಪ ಎದ್ದು ಬೀದಿಗಿಳಿದು ಹೋದರು. ಆಮೇಲೆ ಅವರು ಮನೆಯಲ್ಲಿ ಯಾರಿಗೂ ಪಾಠ ಹೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಾತೊಂದು ತಲುಪದೆ ಉಳಿದಿದ್ದೀತು. ನಮ್ಮ ಆ ಮನೆ ಈಗಿಲ್ಲ; ಅಪ್ಪ, ಚಿಕ್ಕಪ್ಪ ಇಬ್ಬರೂ ಇಲ್ಲ. ಅಪ್ಪ ನಿಜಕ್ಕೂ ಒಪ್ಪುತ್ತಿದ್ದನೇ ಎಂದು ಕೇಳೋಣವೆಂದರೆ, ಯಾರೂ ಉಳಿದಿಲ್ಲ.