ಅತ್ತೆಯ ಹೊಲಿಗೆ, ನನ್ನ ತೂತು

ಮೂಡಲಗಿಯ ನಮ್ಮ ಮನೆಯಲ್ಲಿ ಒಂದೇ ವಾರದಲ್ಲಿ ಇಬ್ಬರ ಪಿತ್ತಕೋಶ ಹೋಯಿತು. ಎಪ್ಪತ್ತು ದಾಟಿದ ಅತ್ತೆಯದು, ಇನ್ನೂ ನಲವತ್ತಾಗದ ನನ್ನದು. ಇಬ್ಬರಿಗೂ ಕಲ್ಲು, ಇಬ್ಬರಿಗೂ ಗೋಕಾಕದ ಅದೇ ಡಾಕ್ಟರು. ನನ್ನದನ್ನು ದುರ್ಬೀನು ಹಾಕಿ ಸಣ್ಣ ತೂತುಗಳಿಂದಲೇ ತೆಗೆದರು. ಅತ್ತೆಯದಕ್ಕೂ ಹಾಗೇ ಶುರು ಮಾಡಿದ್ದರು. ಆದರೆ ಅವರು ವರ್ಷಗಟ್ಟಲೆ ಆ ನೋವನ್ನು ವಾಯು ಎಂದುಕೊಂಡು ಅಜವಾನ ಅಗಿದವರು. ಒಳಗೆಲ್ಲ ಬಾತು ಅಂಟಿಕೊಂಡಿತ್ತಂತೆ, ಹೊಟ್ಟೆ ಕೊಯ್ಯಲೇಬೇಕಾಯಿತು. ಭಾರ ಎತ್ತಬಾರದು, ವಿಶ್ರಾಂತಿ ಬೇಕು ಎಂದು ಡಾಕ್ಟರು ಇಬ್ಬರಿಗೂ ಹೇಳಿ ಕಳಿಸಿದರು.

ನೋಡಲು ಬಂದವರ ಕಣ್ಣಿಗೆ ಮಾತ್ರ ರೋಗಿ ಒಬ್ಬರೇ. ಅತ್ತೆ ಸೆರಗು ಸರಿಸಿ ಪಕ್ಕೆಯ ಉದ್ದ ಹೊಲಿಗೆ ತೋರಿಸಿದರೆ "ಅಯ್ಯ ಶಿವನ!" ಎಂದು ಬಾಯಿಗೆ ಕೈ. ನನ್ನ ಚಿಕ್ಕ ಪಟ್ಟಿಗಳಿಗೆ "ಇಷ್ಟನ?" ಭುಜ ನೋಯುತ್ತದೆ ಎಂದರೆ, "ತೂತು ಹೊಟ್ಟಿಗೆ, ನೋವು ಭುಜಕ್ಕ? ಚಲೋ ಐತಲ್ಲ!" ಆಪರೇಷನ್ನಿನಲ್ಲಿ ಹೊಟ್ಟೆಗೆ ತುಂಬಿದ ಗಾಳಿಯಿಂದ ಹಾಗಾಗುತ್ತದೆಂದು ಯಾರಿಗೆ ಹೇಳಲಿ? ಬಾಳೆಹಣ್ಣು, ಎಳನೀರು ಅತ್ತೆಯ ಮಂಚದ ಕಡೆ ಹೋಗುತ್ತಿದ್ದವು. ಖಾಲಿ ಕಪ್ಪುಗಳು ನನ್ನ ಕಡೆ ಬರುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಹತ್ತರಗಿಯಿಂದ ಗಂಡನ ಸೋದರತ್ತೆ ಟಂಟಂ ಗಾಡಿ ತುಂಬ ಹೆಂಗಸರನ್ನು ಕರೆದುಕೊಂಡು ಬಂದಿಳಿದರು.

"ಎಲ್ಲಾರಿಗೂ ಚಾ ಇಡವ್ವಾ. ಜೋಡಿ ಉಪ್ಪಿಟ್ಟು ಮಾಡಿದರೂ ನಡೀತೈತಿ," ಎಂದು ನನಗೆ ಹೇಳಿ, ಅತ್ತೆಯತ್ತ ತಿರುಗಿದರು. "ವೈನಿ, ನೀವು ಏಳಬ್ಯಾಡ್ರಿ. ಇಕಿಗೇನ್ ಆಗೇತಿ? ಬರೇ ದುರ್ಬೀನು."

ನಾನು ಹಲ್ಲು ಕಚ್ಚಿಕೊಂಡು ನೀರಿನ ದೊಡ್ಡ ಪಾತೇಲಿ ಎತ್ತಲು ಹೋದೆ. ಹೊಟ್ಟೆ ಚುಳಕ್ ಎಂದಿತು. ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತೆ. ಅಳು ಬಂತು, ನೋವಿಗಿಂತ ಸಿಟ್ಟಿಗೆ.

ಮಂಚದಿಂದ ಅತ್ತೆ ನೋಡಿದರು. ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕಾಲು ಕೆಳಗಿಳಿಸಿದರು.

"ಎಲ್ಲಿ ಹೊಂಟ್ರಿ ವೈನಿ?"

"ಚಾ ಮಾಡಾಕ."

"ಅಯ್ಯ, ನಿಮ್ಮ ಹೊಲಿಗಿ!"

"ನಂದು ಮ್ಯಾಲ ಕಾಣತೈತಿ ಅಷ್ಟ. ಒಳಗ ಇಬ್ಬರದೂ ಅದ ಹೋಗೇತಿ."

ಸೋದರತ್ತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದರು. ಅತ್ತೆ ಮಂಚದಲ್ಲಿ ಗೋಡೆಯ ಕಡೆ ಸರಿದು, "ಬಾರವ್ವಾ, ಮಲ್ಕೋ," ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಂಚದ ಮೇಲೆ ಕೂತವಳಲ್ಲ ನಾನು. ಅವರ ಕೌದಿ ಹೊದ್ದು ಮಲಗಿದೆ.

ಒಳಗಿನಿಂದ ಡಬ್ಬಿ ತೆರೆದು ಮುಚ್ಚುವ ಸದ್ದು. "ಸಕ್ರಿ ಎಲ್ಲಿಟ್ಟೀರಿ?"

ನಾನು ಉತ್ತರಿಸಲು ಬಾಯಿ ತೆರೆದೆ. ಅತ್ತೆ ಅಂಗೈ ಅಡ್ಡ ಹಿಡಿದು ಪಿಸುಗುಟ್ಟಿದರು: "ಸುಮ್ನಿರು. ದುರ್ಬೀನು ಹಾಕಿ ಹುಡುಕಲಿ."

ನಗು ತಡೆಯಲಾಗಲಿಲ್ಲ. ನಕ್ಕರೆ ಇಬ್ಬರಿಗೂ ಒಂದೇ ಜಾಗದಲ್ಲಿ ನೋಯುತ್ತಿತ್ತು.